ತೂಕ ಇಳಿದ ಮೇಲೆ ಶುರುವಾಗುವ ತೊಂದರೆಗಳು: ಯಾವುದು ತಾನೇ ಸರಿಹೋಗುತ್ತೆ, ಯಾವುದಕ್ಕೆ ಡಾಕ್ಟರ್ ಬೇಕು?

ಹಗುರಹೆಜ್ಜೆ (ಪ್ರಶ್ನೆ)

ತೂಕ ಇಳಿಸೋದು ಹೇಗೆ ಅನ್ನೋದಕ್ಕೆ ಉತ್ತರಗಳು ಬೇಕಾದಷ್ಟಿವೆ. ಇಳಿದ ಮೇಲೆ ಏನೇನಾಗುತ್ತೆ ಅನ್ನೋದನ್ನ ಬಿಡಿಸಿ ಹೇಳೋರು ಕಡಿಮೆ. 100 ಕೆ.ಜಿ. ಇದ್ದವರೊಬ್ಬರು ಆರು ತಿಂಗಳಲ್ಲಿ 75ಕ್ಕೆ ಬಂದರು ಅಂದುಕೊಳ್ಳಿ. ಸಕ್ಕರೆ, ಬಿ.ಪಿ., ಕೊಲೆಸ್ಟ್ರಾಲ್ ಎಲ್ಲ ಸುಧಾರಿಸಿದೆ. ಆದರೆ ಕೂದಲು ಹಿಡಿಹಿಡಿಯಾಗಿ ಉದುರುತ್ತೆ, ಬೇರೆಯವರಿಗೆ ಸೆಕೆಯಾದರೂ ಇವರಿಗೆ ಚಳಿ, ಎದ್ದು ನಿಂತರೆ ಕಣ್ಣು ಕತ್ತಲೆ, ಗಟ್ಟಿ ಕುರ್ಚಿಯಲ್ಲಿ ಕೂತರೆ ಬೆನ್ನಿನ ತುದಿ ನೋವು, ಹೊಟ್ಟೆಯ ಚರ್ಮ ಜೋತುಬಿದ್ದಿದೆ. ಇದೆಲ್ಲದರ ಮೇಲೆ, ಮೊದಲಿಗಿಂತ ಕಡಿಮೆ ತಿಂದರೂ ತಕ್ಕಡಿಯ ಮುಳ್ಳು ಮೇಲಕ್ಕೇ ಎಳೆಯುತ್ತೆ.

ಇದರಲ್ಲಿ ತಾತ್ಕಾಲಿಕ ಯಾವುದು, ಉಳಿಯೋದು ಯಾವುದು? ತಡಮಾಡದೆ ತೋರಿಸಬೇಕಾದ ಲಕ್ಷಣ ಯಾವುದು? ತೂಕ ಮರಳದ ಹಾಗೆ ನೋಡಿಕೊಳ್ಳಲು ನಿಜಕ್ಕೂ ಏನು ಮಾಡಬೇಕು? “ಎಲ್ಲ ಸರಿಹೋಗುತ್ತೆ, ನೀರು ಕುಡೀರಿ” ಅನ್ನೋ ಉತ್ತರ ಬೇಡ. ಕಾರಣ ಸಮೇತ ಹೇಳಿ.

---

ನಾಡಿಮಿಡಿತ

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಕೊಬ್ಬು ಸುಮ್ಮನೆ ಕೂತ ಹೊರೆಯಲ್ಲ, ಅದಕ್ಕೂ ದೇಹದಲ್ಲಿ ಕೆಲಸವಿದೆ. ಮೂಳೆ ಮತ್ತು ನರಗಳಿಗೆ ಅದು ಮೆತ್ತೆ, ಕೆಲವು ಅಂಗಗಳ ನಡುವೆ ಅಂತರ ಕಾಯುವ ಒತ್ತು, ಚಳಿಗೆ ಹೊದಿಕೆ. ಬೇಗ ಕರಗಿದಾಗ ಈ ಕೆಲಸಗಳೆಲ್ಲ ಒಟ್ಟಿಗೇ ನಿಂತುಹೋಗುತ್ತವೆ. ನೀವು ಹೇಳಿದ ಬೆನ್ನಿನ ತುದಿಯ ನೋವು ಅದರದೇ ಒಂದು ರೂಪ. ಕೂತಾಗ ಬಾಲಮೂಳೆಗೆ ಸಿಗುತ್ತಿದ್ದ ಮೆತ್ತೆ ತೆಳುವಾಗಿದೆ. ಹಿಂಭಾಗದಲ್ಲಿ ಸೀಳಿರುವ, ಬೆಣೆಯಾಕಾರದ ದಿಂಬು ಹಾಕಿಕೊಳ್ಳಿ. ನಡುವೆ ತೂತಿರುವ ದುಂಡನೆ ದಿಂಬಿಗಿಂತ ಇದು ಹೆಚ್ಚು ಹೊಂದುತ್ತೆ, ಬಾಲಮೂಳೆ ಇರುವ ಕಡೆ ಒತ್ತಡವೇ ಬೀಳಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ.

ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಮೂರು ತೊಂದರೆಗಳನ್ನು ಹೇಳಲೇಬೇಕು, ಏಕೆಂದರೆ ತೂಕ ಇಳಿದದ್ದಕ್ಕೂ ಅವಕ್ಕೂ ಸಂಬಂಧವಿದೆ ಅನ್ನೋದು ಹೊಳೆಯೋದೇ ಇಲ್ಲ.

ಮೊದಲನೆಯದು ಪಾದ ಜೋಲುವುದು. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಒಂದು ಮೂಳೆಯ ಗುಬುಟು ಇದೆ. ಅದರ ಕೆಳಗಿನ ಕುತ್ತಿಗೆಯನ್ನು ಸುತ್ತಿಕೊಂಡು ಪೆರೋನಿಯಲ್ ನರ ಹೋಗುತ್ತೆ, ಚರ್ಮಕ್ಕೆ ತೀರಾ ಹತ್ತಿರ. ಮೇಲಿನ ಕೊಬ್ಬು ಕರಗಿದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತರೆ, ಅಥವಾ ತುಂಬಾ ಹೊತ್ತು ಕುಕ್ಕರಗಾಲಲ್ಲಿದ್ದರೆ, ನರ ನೇರವಾಗಿ ಮೂಳೆಗೆ ಒತ್ತುತ್ತೆ. ಕಣಕಾಲಿನ ಹೊರಬದಿ ಮತ್ತು ಪಾದದ ಮೇಲ್ಭಾಗ ಜೋಮು ಹಿಡಿಯುತ್ತೆ, ಹೆಬ್ಬೆರಳು ಮೇಲೆತ್ತಲು ಆಗಲ್ಲ, ನಡೆಯುವಾಗ ಪಾದ ನೆಲಕ್ಕೆ ‘ಟಪ್’ ಅಂತ ಬಡಿಯುತ್ತೆ. ಕಾಲು ಅಡ್ಡ ಹಾಕೋದನ್ನ ಅವತ್ತೇ ನಿಲ್ಲಿಸಿ, ನರವೈದ್ಯರಿಗೆ ತೋರಿಸಿ. ಒತ್ತಡ ತಪ್ಪಿದರೆ ಹೆಚ್ಚಿನವರಲ್ಲಿ ಕೆಲವು ವಾರದಿಂದ ಕೆಲವು ತಿಂಗಳೊಳಗೆ ಶಕ್ತಿ ಮರಳುತ್ತೆ. ಅಲ್ಲಿವರೆಗೆ ಎಡವಿ ಬೀಳದಂತೆ ಪಾದಕ್ಕೆ ಆಸರೆಪಟ್ಟಿ ಬೇಕಾಗಬಹುದು.

ಎರಡನೆಯದು ಕಿವಿ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಯುಸ್ಟೇಷಿಯನ್ ನಾಳ ಸಾಮಾನ್ಯವಾಗಿ ಮುಚ್ಚಿರುತ್ತೆ, ನುಂಗುವಾಗ, ಆಕಳಿಸುವಾಗ ತೆರೆಯುತ್ತೆ. ಅದನ್ನು ಮುಚ್ಚಿಡಲು ನೆರವಾಗುವುದು ಪಕ್ಕದ ಒಂದು ಚಿಕ್ಕ ಕೊಬ್ಬಿನ ಮುದ್ದೆ. ಅದು ಕುಗ್ಗಿದರೆ ನಾಳ ತೆರೆದೇ ಉಳಿದು, ತನ್ನದೇ ದನಿ ಮತ್ತು ಉಸಿರು ಕಿವಿಯೊಳಗೆ ಮೊಳಗುತ್ತೆ. ಮಲಗಿದಾಗ ಅಥವಾ ತಲೆ ತಗ್ಗಿಸಿದಾಗ ಕಡಿಮೆಯಾದರೆ ಬಹುಮಟ್ಟಿಗೆ ಇದೇ. ಕಿವಿ ಕಟ್ಟಿದೆ ಅಂದುಕೊಂಡು ಮೂಗು ಬಿಡಿಸುವ ಔಷಧಿ ತಗೊಂಡರೆ ಇನ್ನೂ ಹೆಚ್ಚುತ್ತೆ. ಒಣಗಲು ಬಿಡದೆ ನೀರು ಕುಡಿಯೋದು, ತೂಕ ಇನ್ನಷ್ಟು ಇಳಿಯದಂತೆ ನೋಡಿಕೊಳ್ಳೋದು ಮೊದಲ ಹೆಜ್ಜೆ.

ಮೂರನೆಯದು ಅಪರೂಪ, ಆದರೆ ಗಂಭೀರ. ಮಹಾಪಧಮನಿ ಮತ್ತು ಅದರಿಂದ ಕವಲೊಡೆದು ಕರುಳಿಗೆ ಹೋಗುವ ರಕ್ತನಾಳದ ನಡುವಿನ ಸಂದಿಯಲ್ಲಿ ಸಣ್ಣ ಕರುಳಿನ ಮೊದಲ ಭಾಗ ಹಾದುಹೋಗುತ್ತೆ. ಆ ಸಂದಿಯನ್ನು ಅಗಲವಾಗಿ ಹಿಡಿದಿರೋದು ಕೊಬ್ಬು. ಕೊಬ್ಬು ಹೋದರೆ ಎರಡು ನಾಳಗಳ ನಡುವಿನ ಕೋನ ಕಿರಿದಾಗಿ ಕರುಳು ಅಡಕತ್ತರಿಗೆ ಸಿಕ್ಕ ಹಾಗಾಗುತ್ತೆ. ಸ್ವಲ್ಪ ತಿಂದರೂ ಹೊಟ್ಟೆ ತುಂಬುತ್ತೆ, ಊಟವಾದ ಮೇಲೆ ನೋವು, ಹಸಿರು-ಹಳದಿ ಪಿತ್ತದ ವಾಂತಿ. ಎಡಮಗ್ಗುಲಾಗಿ ಅಥವಾ ಬೋರಲು ಮಲಗಿದರೆ ನೋವು ತಗ್ಗುತ್ತೆ. ಇಲ್ಲಿ ವಿಷವರ್ತುಲವಿದೆ: ವಾಂತಿಯಿಂದ ತೂಕ ಇನ್ನೂ ಇಳಿಯುತ್ತೆ, ಇಳಿದಷ್ಟೂ ಸಂದಿ ಇನ್ನೂ ಕಿರಿದಾಗುತ್ತೆ. ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ, ಸ್ಕ್ಯಾನ್ ಬೇಕು.

ಚಳಿಗೆ ಎರಡು ಕಾರಣ. ಚರ್ಮದಡಿಯ ಹೊದಿಕೆ ತೆಳುವಾಗಿದೆ, ಜೊತೆಗೆ ತಿನ್ನೋದು ಕಡಿಮೆಯಾದಾಗ ದೇಹ ಟಿ3 ಎಂಬ ಥೈರಾಯ್ಡ್ ಹಾರ್ಮೋನನ್ನು ತಗ್ಗಿಸಿ ಶಾಖದ ಉತ್ಪಾದನೆಗೇ ಕತ್ತರಿ ಹಾಕುತ್ತೆ. ಊಟದ ಪ್ರಮಾಣ ಸರಿದೂಗಿದಾಗ ಎರಡನೆಯದು ಬಹಳಷ್ಟು ಸುಧಾರಿಸುತ್ತೆ, ಮೊದಲನೆಯದು ಉಳಿಯುತ್ತೆ. ಚಳಿಯ ಜೊತೆ ಸುಸ್ತು, ಬಿಳಿಚಿಕೊಂಡ ಮುಖ ಇದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ಮತ್ತು ಟಿ.ಎಸ್.ಎಚ್. (ಥೈರಾಯ್ಡ್) ಪರೀಕ್ಷೆ ಮಾಡಿಸಿ.

---

ಔಷಧಿ ಚೀಟಿ

ಎದ್ದು ನಿಂತಾಗ ಕಣ್ಣು ಕತ್ತಲೆ ಬರೋದನ್ನ ಹಗುರವಾಗಿ ತಗೋಬೇಡಿ. 100 ಕೆ.ಜಿ. ಇದ್ದಾಗ ಬರೆದುಕೊಟ್ಟ ಬಿ.ಪಿ. ಮಾತ್ರೆಯ ಡೋಸೇ 75 ಕೆ.ಜಿ.ಯಲ್ಲೂ ಮುಂದುವರಿದಿರುತ್ತೆ. ಮನೆಯಲ್ಲೇ ಅಳೆಯಿರಿ: 5 ನಿಮಿಷ ಮಲಗಿ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಮತ್ತೊಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಕುಸಿದರೆ ಅದನ್ನು ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ನೀವೇ ಮಾತ್ರೆ ನಿಲ್ಲಿಸಬೇಡಿ. ಕೆಲವು ಬಗೆಯ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಬಿ.ಪಿ. ದಿಢೀರನೆ ಏರುತ್ತೆ.

ಸಕ್ಕರೆ ಕಾಯಿಲೆಯವರಿಗೆ ಇದು ಇನ್ನೂ ತುರ್ತು. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತಗೊಳ್ಳೋರು ಊಟ ಕಡಿಮೆ ಮಾಡುವ *ಮೊದಲೇ* ಡೋಸ್ ಬಗ್ಗೆ ಮಾತಾಡಬೇಕು. ತೂಕ ಇಳಿಯಲಿ ನೋಡೋಣ ಅಂತ ಕಾದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ನಡುಕ, ಬೆವರು, ಮಂಕು ಬರುತ್ತೆ. ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗೋದು ವಿರಳ. ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಡೋಸ್ ಕೂಡ ತೂಕಕ್ಕೆ ತಕ್ಕಂತೆ ಬದಲಾಗಬಹುದು. ಹಳೆಯ ಡೋಸ್ ಹೆಚ್ಚಾದರೆ ಎದೆ ಬಡಿತ, ನಿದ್ರೆಗೇಡು, ಮೂಳೆ ಸವೆತ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳೋರು ಊಟದ ಬಗೆ ಬದಲಾದಾಗ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆ) ಅನ್ನು ಹೆಚ್ಚು ಸಲ ನೋಡಿಸಬೇಕು. ಮಾನಸಿಕ ಕಾಯಿಲೆಗೆ ಲಿಥಿಯಂ ತಗೊಳ್ಳೋರು ಉಪ್ಪು ಮತ್ತು ನೀರನ್ನು ತಟ್ಟನೆ ಕಡಿಮೆ ಮಾಡಿದರೆ ರಕ್ತದಲ್ಲಿ ಲಿಥಿಯಂ ವಿಷಮಟ್ಟಕ್ಕೆ ಏರಬಹುದು.

ಗೊರಕೆ ನಿಂತಿತು ಅಂತ, ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ಕೊಡುವ ಉಸಿರಾಟದ ಯಂತ್ರವನ್ನು (ಸಿಪ್ಯಾಪ್) ಮೂಲೆಗಿಡೋರೂ ಇದ್ದಾರೆ. ನಿದ್ರೆಯ ಪರೀಕ್ಷೆ ಮತ್ತೊಮ್ಮೆ ಆಗುವ ತನಕ ಅದನ್ನು ಬಿಡಬೇಡಿ. ಮುಖ ತೆಳುವಾಗಿ ಮಾಸ್ಕ್ ಸೋರಬಹುದು, ಒತ್ತಡ ಕಡಿಮೆ ಸಾಕಾಗಬಹುದು. ಅದನ್ನು ಸರಿಪಡಿಸಿಕೊಳ್ಳೋದು ಬೇರೆ, ಪೂರ್ತಿ ಬಿಡೋದು ಬೇರೆ.

ಪಿತ್ತಕೋಶದ ಕಲ್ಲಿನ ಬಗ್ಗೆ ಮೇಲೆ ಯಾರೂ ಹೇಳಿಲ್ಲ. ನನ್ನ ಪ್ರಕಾರ ವೇಗದ ತೂಕ ಇಳಿಕೆಯಲ್ಲಿ ಮುಂಚೆಯೇ ತಿಳಿಸಬೇಕಾದ ಅಪಾಯ ಇದೇ. ಕೊಬ್ಬು ಬೇಗ ಕರಗುವಾಗ ಯಕೃತ್ತು ಹೆಚ್ಚು ಕೊಲೆಸ್ಟ್ರಾಲನ್ನು ಪಿತ್ತಕ್ಕೆ ಸುರಿಯುತ್ತೆ. ಅದೇ ಹೊತ್ತಿಗೆ ಊಟದಲ್ಲಿ ಎಣ್ಣೆಯ ಅಂಶ ಇಲ್ಲದಿದ್ದರೆ ಪಿತ್ತಕೋಶ ಸರಿಯಾಗಿ ಹಿಂಡುವುದಿಲ್ಲ, ಪಿತ್ತ ಅಲ್ಲೇ ನಿಂತು ಹರಳುಗಟ್ಟುತ್ತೆ. ವಾರಕ್ಕೆ 1.5 ಕೆ.ಜಿ.ಗಿಂತ ವೇಗವಾಗಿ ಇಳಿದಾಗ ಈ ಅಪಾಯ ಕಡಿದಾಗಿ ಏರುತ್ತೆ. ಹಾಗಾಗಿ ಎಷ್ಟೇ ಕಡಿಮೆ ತಿಂದರೂ ದಿನದ ಒಂದು ಊಟದಲ್ಲಾದರೂ ಸುಮಾರು 10 ಗ್ರಾಂ ಕೊಬ್ಬಿನಂಶ ಇರಲಿ. ದೀರ್ಘ ಉಪವಾಸಗಳನ್ನು ಒಂದರ ಹಿಂದೊಂದು ಮಾಡಬೇಡಿ. ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಸಿಕೊಂಡವರಿಗೆ ಮೊದಲ 6 ತಿಂಗಳು ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುವ ರೂಢಿ ಇರೋದು ಇದಕ್ಕೇ. ಬಲಪಕ್ಕೆಯ ಕೆಳಗೆ ನೋವು ಬಂದು ಬಲ ಹೆಗಲಿನ ಹಿಂಬದಿಗೆ ಹರಡಿದರೆ ಅಲ್ಟ್ರಾಸೌಂಡ್ ಮಾಡಿಸಿ. ಜೊತೆಗೆ ಜ್ವರ ಅಥವಾ ಕಣ್ಣು ಹಳದಿ ಇದ್ದರೆ ನೇರ ತುರ್ತು ವಿಭಾಗಕ್ಕೆ.

ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲುನೋವು) ಇದ್ದವರಿಗೂ ಒಂದು ಮಾತು. ಉಪವಾಸದಲ್ಲಿ ಕೊಬ್ಬು ಕರಗಿ ಹುಟ್ಟುವ ಕೀಟೋನ್‌ಗಳು ಮೂತ್ರಪಿಂಡದಲ್ಲಿ ಯೂರಿಕ್ ಆಮ್ಲದ ದಾರಿಗೆ ಅಡ್ಡ ಬರುತ್ತವೆ. ತೂಕ ಇಳಿದು ನಿಂತ ಮೇಲೆ ಗೌಟ್ ಸುಧಾರಿಸುತ್ತೆ, ಇಳಿಯುತ್ತಿರುವಾಗ ಮಾತ್ರ ಕೆರಳಬಹುದು.

---

ಎಂಟುಹನ್ನೆರಡು

ಕೂದಲು, ಸ್ನಾಯು, ಮೂಳೆ ಈ ಮೂರರ ಬಗ್ಗೆ ನನ್ನ ಪಾಲು.

ಕೂದಲಿಗೆ ಹೆದರಬೇಡಿ. ದೇಹಕ್ಕೆ ಶಕ್ತಿಯ ಕೊರತೆ ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳು ಒಟ್ಟೊಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಹೋಗುತ್ತವೆ, 2-3 ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಅಂದರೆ ಈಗ ಉದುರುತ್ತಿರೋದು ಮೂರು ತಿಂಗಳ ಹಿಂದಿನ ಲೆಕ್ಕ. ಇವತ್ತು ಎಣ್ಣೆ ಬದಲಿಸಿದರೆ ಪ್ರಯೋಜನವಿಲ್ಲ. ಬೇರು ಸತ್ತಿಲ್ಲವಾದ್ದರಿಂದ ಸಾಮಾನ್ಯವಾಗಿ 6 ತಿಂಗಳೊಳಗೆ ಉದುರುವುದು ನಿಲ್ಲುತ್ತೆ, ಮೊದಲಿನ ದಟ್ಟಣೆ ಬರಲು ಅದಕ್ಕಿಂತ ಹೆಚ್ಚು ಸಮಯ ಬೇಕು. ಪ್ರೋಟೀನ್ ಮತ್ತು ಕಬ್ಬಿಣದಂಶ ಸರಿಪಡಿಸಿ. 6 ತಿಂಗಳಾದರೂ ನಿಲ್ಲದಿದ್ದರೆ, ಅಥವಾ ನಾಣ್ಯದಗಲ ಬೋಳು ಬಿದ್ದರೆ, ಅದು ಬೇರೆ ಕಾಯಿಲೆ ಇರಬಹುದು.

ನಿಜವಾಗಿ ಚಿಂತೆ ಮಾಡಬೇಕಾದ್ದು ಸ್ನಾಯುವಿನ ಬಗ್ಗೆ. ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಗಾಂಶ. 25 ಕೆ.ಜಿ.ಯಲ್ಲಿ ಅದು 6 ಕೆ.ಜಿ. ಆಸುಪಾಸು. ತೂಕ ಮರಳಿದರೆ ಮರಳೋದು ಹೆಚ್ಚಾಗಿ ಕೊಬ್ಬೇ, ಕಳೆದ ಸ್ನಾಯು ತಾನಾಗಿ ಅಷ್ಟೇ ಪ್ರಮಾಣದಲ್ಲಿ ಬರಲ್ಲ. ಏರಿಳಿತದ ಎರಡು ಮೂರು ಸುತ್ತು ಮುಗಿಯುವಷ್ಟರಲ್ಲಿ ಅದೇ ತೂಕದಲ್ಲಿ ಮೊದಲಿಗಿಂತ ದುರ್ಬಲ ದೇಹ ಉಳಿಯುತ್ತೆ. ವಯಸ್ಸು 60 ದಾಟಿದವರಲ್ಲಿ ಇದರ ಪರಿಣಾಮವೆಂದರೆ ಎಡವಿ ಬೀಳುವುದು, ಮೂಳೆ ಮುರಿಯುವುದು.

ಪರೀಕ್ಷೆ ಸುಲಭ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ 5 ಸಲ ಎದ್ದು ಕೂತು ಮಾಡಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಸಾಲದು.

ಪ್ರೋಟೀನ್: ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1.2ರಿಂದ 1.6 ಗ್ರಾಂ. 75 ಕೆ.ಜಿ.ಯವರಿಗೆ 90ರಿಂದ 120 ಗ್ರಾಂ, ಅದನ್ನು ರಾತ್ರಿಯ ಊಟಕ್ಕೇ ತುರುಕದೆ ಮೂರು ನಾಲ್ಕು ಹೊತ್ತಿಗೆ ಹಂಚಿ. ಮೂತ್ರಪಿಂಡದ ಕಾಯಿಲೆ ಇದ್ದವರು ಈ ಲೆಕ್ಕ ಹಿಡಿಯಬಾರದು, ಅವರ ಮಿತಿ ಬೇರೆ.

ವ್ಯಾಯಾಮ: ವಾರಕ್ಕೆ 2-3 ದಿನ, ನಡುವೆ ಒಂದು ದಿನ ಬಿಡುವು. ಕೂತು ಏಳೋದು, ಸೊಂಟದಿಂದ ಬಾಗಿ ಎತ್ತೋದು, ಎದೆಯಿಂದ ತಳ್ಳೋದು, ತನ್ನ ಕಡೆಗೆ ಎಳೆಯೋದು, ತಲೆಯ ಮೇಲಕ್ಕೆ ಎತ್ತೋದು. ಈ ಐದು ಸಾಕು. ಒಂದೊಂದೂ 8ರಿಂದ 12 ಸಲದ 2-3 ಸುತ್ತು. ಕೊನೆಯ ಎರಡು ಸಲ ನಿಜಕ್ಕೂ ಕಷ್ಟವಾಗಬೇಕು. ಎಲ್ಲ ಸುತ್ತಲ್ಲೂ 12 ಸಲೀಸಾದರೆ ಭಾರ ಸ್ವಲ್ಪ ಏರಿಸಿ. ಹೆಚ್ಚಿನವರು ಎಡವೋದು ಇಲ್ಲೇ: ಅದೇ 2 ಕೆ.ಜಿ. ಡಂಬೆಲ್ ಅನ್ನು ವರ್ಷವಿಡೀ ಬೀಸುತ್ತಾರೆ. ಸ್ನಾಯುವಿಗೆ ಭಾರ ಹೆಚ್ಚದಿದ್ದರೆ ಉಳಿಯಲು ಕಾರಣವೇ ಇಲ್ಲ.

ಮೂಳೆಯ ವಿಷಯಕ್ಕೂ ಇದೇ ನ್ಯಾಯ. ಹೊರುವ ಭಾರ ಕಡಿಮೆಯಾದಾಗ ಮೂಳೆ ತೆಳುವಾಗುತ್ತೆ. ದೇಹತೂಕದ 10% ಇಳಿದಾಗ ಸೊಂಟದ ಮೂಳೆಯ ಸಾಂದ್ರತೆ 1-2% ತಗ್ಗುವುದು ಸಾಮಾನ್ಯ. ಈಜು, ಸೈಕಲ್ ಹೃದಯಕ್ಕೆ ಒಳ್ಳೆಯವು, ಮೂಳೆಗೆ ಸಾಲವು. ಮುಟ್ಟು ನಿಂತ ಮಹಿಳೆಯರು ದೊಡ್ಡ ಪ್ರಮಾಣದಲ್ಲಿ ತೂಕ ಇಳಿಸಿದ್ದರೆ ಮೂಳೆ ಸಾಂದ್ರತೆಯ ಸ್ಕ್ಯಾನ್ ಬಗ್ಗೆ ಕೇಳಿ, ವಿಟಮಿನ್ ಡಿ ನೋಡಿಸಿ.

---

ಏಳುದಿನದ ಸರಾಸರಿ

ಮುಳ್ಳು ಮೇಲಕ್ಕೆ ಎಳೆಯೋದರ ಬಗ್ಗೆ. ಇದನ್ನು ಮನೋಬಲದ ಕೊರತೆ ಅಂತ ಬೈದುಕೊಳ್ಳುವವರನ್ನು ನೋಡಿದರೆ ಸಂಕಟವಾಗುತ್ತೆ, ಏಕೆಂದರೆ ಇದು ಅಳೆದು ನೋಡಿರುವ ಶರೀರಕ್ರಿಯೆ.

ಮೊದಲು ಸರಳ ಲೆಕ್ಕ. ವಿಶ್ರಾಂತಿಯಲ್ಲಿ ದೇಹ ಸುಡುವ ಶಕ್ತಿಯನ್ನು ಅಂದಾಜಿಸುವ ಮಿಫ್ಲಿನ್ ಸೂತ್ರದಲ್ಲಿ ಪ್ರತಿ ಕೆ.ಜಿ.ಗೆ 10 ಕ್ಯಾಲೊರಿ. 25 ಕೆ.ಜಿ. ಇಳಿದರೆ 250 ಕ್ಯಾಲೊರಿ ಅಲ್ಲೇ ಹೋಯಿತು. ಹಗುರ ದೇಹ ನಡೆಯಲು, ಮೆಟ್ಟಿಲು ಹತ್ತಲು ಬೇಕಾದ ಶಕ್ತಿಯೂ ಕಡಿಮೆ. ಇದರ ಮೇಲೆ ದೇಹ ಇನ್ನೂ ಒಂದಿಷ್ಟು ಬಿಗಿ ಹಿಡಿಯುತ್ತೆ. 1995ರಲ್ಲಿ ಸಂಶೋಧಕರಾದ ಲೈಬೆಲ್, ರೋಸೆನ್‌ಬಾಮ್, ಹಿರ್ಶ್ ತೋರಿಸಿದ್ದು ಅದನ್ನೇ: 10% ತೂಕ ಇಳಿದವರಲ್ಲಿ ಗಾತ್ರದ ಲೆಕ್ಕಕ್ಕಿಂತಲೂ ಹೆಚ್ಚಾಗಿ ಶಕ್ತಿಯ ಖರ್ಚು ತಗ್ಗುತ್ತೆ. ಅಮೆರಿಕದ ತೂಕ ಇಳಿಸುವ ಟಿ.ವಿ. ಸ್ಪರ್ಧೆಯೊಂದರ 14 ಜನರನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ 2016ರ ಅಧ್ಯಯನದಲ್ಲಿ, ಅವರ ವಿಶ್ರಾಂತಿಯ ಖರ್ಚು ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಅದು ಅತಿರೇಕದ ಉದಾಹರಣೆ, ಎಲ್ಲರಿಗೂ ಅಷ್ಟಾಗಲ್ಲ.

ಆದರೆ ನನ್ನ ಅಭಿಪ್ರಾಯದಲ್ಲಿ ನಿಧಾನವಾದ ಚಯಾಪಚಯಕ್ಕಿಂತ ದೊಡ್ಡ ಎದುರಾಳಿ ಹಸಿವು. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಇಳಿಸಿ ಒಂದು ವರ್ಷ ಕಳೆದ ಮೇಲೂ ಹಸಿವು ಹೆಚ್ಚಿಸುವ ಹಾರ್ಮೋನು ಗ್ರೆಲಿನ್ ಮೇಲೆಯೇ ಇತ್ತು, ತೃಪ್ತಿ ಸೂಚಿಸುವ ಹಾರ್ಮೋನು ಲೆಪ್ಟಿನ್ ಕೆಳಗೇ ಇತ್ತು. ಇನ್ನೊಂದು ಲೆಕ್ಕಾಚಾರದ ಪ್ರಕಾರ ಇಳಿದ ಪ್ರತಿ ಕೆ.ಜಿ.ಗೆ ದಿನದ ಖರ್ಚು 20-30 ಕ್ಯಾಲೊರಿ ತಗ್ಗಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತೆ. ಕೊಬ್ಬಿನ ಕೋಶಗಳೂ ಮಾಯವಾಗಲ್ಲ, ಸಂಖ್ಯೆ ಅಷ್ಟೇ ಇದ್ದು ಗಾತ್ರ ಮಾತ್ರ ಕುಗ್ಗುತ್ತೆ. 2008ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನು ಖಚಿತಪಡಿಸಿದರು.

ಹಾಗಾದರೆ ಮಾಡೋದೇನು? ಇಳಿಸುವ ಹಂತ ಮುಗಿದ ದಿನವೇ ‘ಹಳೆಯ ಊಟ’ಕ್ಕೆ ಮರಳಬೇಡಿ, ಆ ಊಟ 100 ಕೆ.ಜಿ. ದೇಹದ್ದು. ವಾರಕ್ಕೊಮ್ಮೆ ದಿನದ ಲೆಕ್ಕಕ್ಕೆ 100 ಕ್ಯಾಲೊರಿಯಷ್ಟು ಸೇರಿಸುತ್ತಾ, ಏಳು ದಿನದ ಸರಾಸರಿ ತೂಕ ನಿಂತ ಜಾಗದಲ್ಲಿ ನಿಲ್ಲಿಸಿ. ಮೊದಲ ವಾರ 1-2 ಕೆ.ಜಿ. ಏರಿದರೆ ಗಾಬರಿ ಬೇಡ. ಖಾಲಿಯಾಗಿದ್ದ ಗ್ಲೈಕೊಜನ್ (ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ) ತುಂಬಿಕೊಳ್ಳುವಾಗ ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಳ್ಳುತ್ತೆ. ಅದು ಕೊಬ್ಬಲ್ಲ. ಇದನ್ನು ತಿಳಿಯದೆ ಹೆದರಿ ಮತ್ತೆ ಉಪವಾಸಕ್ಕೆ ಬಿದ್ದು, ಆಮೇಲೆ ತಡೆಯಲಾರದೆ ಮಿತಿಮೀರಿ ತಿನ್ನುವವರು ಬಹಳ.

ಆಮೇಲೆ ಒಂದು ಗೆರೆ ಎಳೆದುಕೊಳ್ಳಿ. ಸರಾಸರಿ 75 ಆದರೆ 77 ನಿಮ್ಮ ಗೆರೆ. ದಾಟಿದ ವಾರವೇ ಕ್ರಮ, ಮುಂದಿನ ತಿಂಗಳಲ್ಲ. 2 ಕೆ.ಜಿ. ಇಳಿಸಲು ಮೂರ್ನಾಲ್ಕು ವಾರ ಸಾಕು, 10 ಕೆ.ಜಿ.ಗೆ ಮತ್ತೆ ತಿಂಗಳುಗಟ್ಟಲೆ ಬೇಕು. 1994ರಿಂದ ಅಮೆರಿಕದಲ್ಲಿರುವ ತೂಕ ಕಾಪಾಡಿಕೊಂಡವರ ದಾಖಲೆಪಟ್ಟಿಯಲ್ಲಿ, ಕನಿಷ್ಠ 13.6 ಕೆ.ಜಿ. ಇಳಿಸಿ ಒಂದು ವರ್ಷ ಉಳಿಸಿಕೊಂಡವರಲ್ಲಿ ಪದೇಪದೇ ಕಾಣುವ ಅಭ್ಯಾಸಗಳೆಂದರೆ ನಿಯಮಿತವಾಗಿ ತೂಕ ನೋಡೋದು ಮತ್ತು ದಿನಕ್ಕೆ ಸುಮಾರು ಒಂದು ಗಂಟೆ ಚಟುವಟಿಕೆ. ಅದು ಗೆದ್ದವರ ಪಟ್ಟಿ ಮಾತ್ರ, ಅದರಿಂದ ಕಾರಣ ಸಾಬೀತಾಗಲ್ಲ ಅನ್ನೋದೂ ನೆನಪಿರಲಿ.

ಚುಚ್ಚುಮದ್ದಿನಿಂದ ಇಳಿಸಿದವರು ಇನ್ನೂ ಮುಂಚೆ ಯೋಚಿಸಬೇಕು. ಸೆಮಗ್ಲುಟೈಡ್ ಎಂಬ ಅಂಥ ಚುಚ್ಚುಮದ್ದಿನ ಪ್ರಯೋಗದ ಮುಂದುವರಿದ ಭಾಗದಲ್ಲಿ ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡರಷ್ಟು ಮರಳಿತ್ತು. ನಿಲ್ಲಿಸೋದು ಯಾವಾಗ, ಹೇಗೆ ಅನ್ನೋದನ್ನ ಶುರುಮಾಡುವ ದಿನವೇ ವೈದ್ಯರನ್ನು ಕೇಳಿ.

---

ಹಗುರಹೆಜ್ಜೆ

ಕೋನ ಕಿರಿದಾಗೋದು, ಕಿವಿಯ ಕೊಬ್ಬು, ಇದ್ಯಾವುದೂ ಗೊತ್ತಿರಲಿಲ್ಲ. ಧನ್ಯವಾದ. ಚರ್ಮದ ಮಾತು ಉಳಿದಿದೆ. ನಿಧಾನವಾಗಿ ಇಳಿಸಿದರೆ ಜೋತುಬೀಳಲ್ಲ, ಕ್ರೀಮ್ ಹಚ್ಚಿದರೆ ಬಿಗಿಯಾಗುತ್ತೆ ಅಂತಾರಲ್ಲ?

---

ನಾಡಿಮಿಡಿತ

ಕ್ರೀಮಿನಿಂದ ಆಗಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮದೊಳಗಿನ ಕೊಲಾಜೆನ್, ಇಲಾಸ್ಟಿನ್ ಎಳೆಗಳು ಹರಿದಿರುತ್ತವೆ, ಮೇಲಿಂದ ಹಚ್ಚಿದ್ದು ಅವನ್ನು ಮತ್ತೆ ನೇಯಲ್ಲ. ವೇಗಕ್ಕಿಂತ ಹೆಚ್ಚಾಗಿ ಲೆಕ್ಕಕ್ಕೆ ಬರೋದು ಎಷ್ಟು ಇಳಿಯಿತು, ಎಷ್ಟು ವರ್ಷ ಹಿಗ್ಗಿತ್ತು, ವಯಸ್ಸು, ಧೂಮಪಾನ. ಒಂದೆರಡು ವರ್ಷದವರೆಗೆ ಸ್ವಲ್ಪ ಮಟ್ಟಿಗೆ ಕುಗ್ಗಬಹುದು, ಸ್ನಾಯು ಬೆಳೆದರೆ ತೋಳು-ತೊಡೆ ಸ್ವಲ್ಪ ತುಂಬಿಕೊಳ್ಳುತ್ತೆ. ಹೊಟ್ಟೆಯ ಮಡಿಕೆಗೆ ಅದು ಸಾಲದು.

ಮಡಿಕೆಯ ಸಂದಿಯನ್ನು ಸ್ನಾನದ ನಂತರ ಉಜ್ಜದೆ, ಒತ್ತಿ ಒತ್ತಿ ಒಣಗಿಸಿ, ತೆಳುವಾಗಿ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ. ಕೆಂಪಾಗಿ ಸುತ್ತಲೂ ಚಿಕ್ಕ ಗುಳ್ಳೆಗಳೆದ್ದರೆ ಅದು ಶಿಲೀಂಧ್ರ, ಕ್ಲೋಟ್ರಿಮಜೋಲ್ ಬೇಕಾಗುತ್ತೆ. ಸ್ಟೆರಾಯ್ಡ್ ಬೆರೆತ ಮುಲಾಮನ್ನು ನೀವೇ ತಂದು ಹಚ್ಚಬೇಡಿ, ಮಡಿಕೆಯಲ್ಲಿ ಚರ್ಮ ಇನ್ನೂ ತೆಳುವಾಗುತ್ತೆ.

ಜೋತ ಚರ್ಮ ತೆಗೆಸುವ ಶಸ್ತ್ರಚಿಕಿತ್ಸೆ ಮಾಡಿಸುವುದಾದರೆ ತೂಕ ಕನಿಷ್ಠ 6 ತಿಂಗಳು ಒಂದೇ ಮಟ್ಟದಲ್ಲಿ ನಿಂತಿರಬೇಕು. ಮುಂಚೆ ಮಾಡಿಸಿ ಮತ್ತೆ ಇಳಿದರೆ ಮತ್ತೆ ಜೋಲುತ್ತೆ, ಏರಿದರೆ ಹೊಲಿಗೆ ಹಿಗ್ಗುತ್ತೆ. ಹಿಮೋಗ್ಲೋಬಿನ್ ಮತ್ತು ಪ್ರೋಟೀನ್ ಕಡಿಮೆ ಇದ್ದರೆ ಗಾಯ ಮಾಯಲ್ಲ, ಅದನ್ನು ಮೊದಲು ಸರಿಪಡಿಸಿ. ಧೂಮಪಾನವನ್ನು ಕನಿಷ್ಠ 4 ವಾರ ಮುಂಚೆ ಬಿಡಬೇಕು. ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಗಾಯದ ಗೆರೆ ಉಳಿಯುತ್ತೆ, ಚರ್ಮದಡಿ ನೀರು ತುಂಬಿ ಸೂಜಿಯಿಂದ ತೆಗೆಸಬೇಕಾಗಿ ಬರಬಹುದು. ಒಪ್ಪಿಗೆಗೆ ಸಹಿ ಹಾಕುವ ಮುನ್ನ ಇವೆರಡನ್ನೂ ಕೇಳಿ ತಿಳಿದುಕೊಳ್ಳಿ.

---

ಔಷಧಿ ಚೀಟಿ

ಒಂದು ಬಿಟ್ಟುಹೋಗಿತ್ತು. ಕನ್ನಡಿಯಲ್ಲಿ ಹಳೆಯ ದೇಹವೇ ಕಾಣುತ್ತಿರೋದು, ತೂಕ ಇಳಿದ ಎಷ್ಟೋ ತಿಂಗಳ ಮೇಲೂ ಅಗಲದ ಬಾಗಿಲಲ್ಲಿ ಓರೆಯಾಗಿ ಹಾದುಹೋಗೋದು ಸಾಮಾನ್ಯ. ಮನಸ್ಸಿನ ನಕಾಶೆ ನಿಧಾನವಾಗಿ ಬದಲಾಗುತ್ತೆ. ಆದರೆ 75ಕ್ಕೆ ನಿಲ್ಲಿಸಬೇಕಿದ್ದವರು 70, 65 ಅಂತ ಗುರಿ ಇಳಿಸುತ್ತಾ ಹೋದರೆ, ಬೇರೆಯವರ ಜೊತೆ ಊಟಕ್ಕೆ ಕೂರೋದನ್ನ ತಪ್ಪಿಸಿದರೆ, ಮುಟ್ಟು ಮೂರು ತಿಂಗಳು ನಿಂತರೆ, ವಿಶ್ರಾಂತಿಯಲ್ಲಿ ನಾಡಿ 50ಕ್ಕಿಂತ ಕಡಿಮೆಯಾಗಿ ತಲೆಸುತ್ತು ಬಂದರೆ, ಅದು ಶಿಸ್ತಲ್ಲ, ಊಟದ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರಬಹುದು. ದೇಹ ದಪ್ಪಗಿರುವಾಗಲೂ ಇದು ಬರುತ್ತೆ, ಆಗ ಸುತ್ತಲಿನವರು ಹೊಗಳುತ್ತಲೇ ಇರೋದರಿಂದ ಪತ್ತೆ ತಡವಾಗುತ್ತೆ. ಮನೋವೈದ್ಯರು ಮತ್ತು ಆಹಾರತಜ್ಞರು ಇಬ್ಬರನ್ನೂ ಒಟ್ಟಿಗೆ ಕಾಣಬೇಕು.

ಇನ್ನು ಊಟ ಸಾಕಷ್ಟು ಹೆಚ್ಚಿಸಿದ ಮೇಲೂ ತೂಕ ಇಳಿಯುತ್ತಲೇ ಇದ್ದರೆ ಖುಷಿಪಡಬೇಡಿ. ಥೈರಾಯ್ಡ್, ಸಕ್ಕರೆ, ಕ್ಷಯ, ಕ್ಯಾನ್ಸರ್ ಇವುಗಳಿಗಾಗಿ ತಪಾಸಣೆ ಮಾಡಿಸಿ.